ಮಗಳಿಗೊಂದು ಪತ್ರ: ನಿನ್ನ ಪ್ರಾರ್ಥನೆ ನಿನ್ನದೇ ಆಗಿರಲಿ

ಪ್ರೀತಿಯ ಪುಟ್ಟಿ,

ಬೆಂಗಳೂರಿನಲ್ಲಿ ನೀನೀಗ ಹೋಗುತ್ತಿರುವ ಚರ್ಚಿನ ಬಗ್ಗೆ ಕಳಿಸಿದ ವಾಯ್ಸ್ ಮೆಸೇಜ್ ಕೇಳಿದೆ. "ಅಮ್ಮ, ಇಲ್ಲಿ ಎಲ್ಲರೂ ಕೈಯೆತ್ತಿ ಅಳ್ತಾ ಹಾಡ್ತಾರೆ, ನನಗೆ ಏನೂ ಅನ್ನಿಸೋದೇ ಇಲ್ಲ, ನನ್ನ ನಂಬಿಕೆ ಹೋಗಿಬಿಟ್ಟಿದೆಯಾ?" ಅಂತ ಕೇಳಿದ್ದೀಯ. ಫೋನಿನಲ್ಲಿ ಮಾತಾಡಿದರೆ ಅರ್ಧಕ್ಕೇ ನಿನಗೆ ಆಸ್ಪತ್ರೆಯ ವಾರ್ಡಿನಿಂದ ಕರೆ ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಬಿಡುವಾದಾಗ ಓದು.

ಇಲ್ಲ ಮಗಳೇ, ಹೋಗಿಲ್ಲ. ಬೇರೆಯವರು ಪ್ರಾರ್ಥನೆ ಮಾಡುವ ರೀತಿ ನಿನಗೆ ಒಗ್ಗುತ್ತಿಲ್ಲ, ಅಷ್ಟೇ.

ಕಣ್ಣೀರು ಬರದಿದ್ದರೆ ಪವಿತ್ರಾತ್ಮ ಇಳಿದಿಲ್ಲ ಅಂತ ಅಲ್ಲಿ ಯಾರೋ ಹೇಳಿದರಂತಲ್ಲ, ಆ ಮಾತು ನನಗೆ ಸರಿಬರಲಿಲ್ಲ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲನು ಆತ್ಮನ ಫಲ ಯಾವುದು ಅಂತ ಹೆಸರು ಹಿಡಿದು ಹೇಳಿದ್ದಾನೆ. ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ, ದಯೆ, ಉಪಕಾರ, ನಂಬಿಕೆ, ಸಾಧುತ್ವ, ಶಮೆದಮೆ. ಸಂಡೇ ಸ್ಕೂಲಿನಲ್ಲಿ ನೀನು ಬಾಯಿಪಾಠ ಮಾಡಿದ್ದೇ ಅಲ್ವಾ? ಅದರಲ್ಲಿ ಅಳುವುದು ಎಲ್ಲಿದೆ? ರಾತ್ರಿ ಮೂರು ಗಂಟೆಗೆ ಐದನೇ ಸಲ ಬೆಲ್ ಒತ್ತಿದ ನಿನ್ನ ವಾರ್ಡಿನ ಅಜ್ಜನ ಹತ್ತಿರ ಮುಖ ಸಿಂಡರಿಸದೆ ಹೋಗುತ್ತೀಯಲ್ಲ, ದೀರ್ಘಶಾಂತಿ ಅಂದರೆ ಅದೇ.

ಹಾಗಂತ ಕೈಯೆತ್ತಿ ಹಾಡುವವರ ಬಗ್ಗೆ ಹಗುರವಾಗಿ ಯೋಚಿಸಬೇಡ. ದೇವರ ಆಜ್ಞೆಗಳ ಕಲ್ಲಿನ ಹಲಗೆಗಳಿದ್ದ ಪೆಟ್ಟಿಗೆ, ಒಡಂಬಡಿಕೆಯ ಮಂಜೂಷ, ಯೆರೂಸಲೇಮಿಗೆ ಬಂದ ದಿನ ದಾವೀದ ರಾಜನಾಗಿದ್ದರೂ ಬೀದಿಯಲ್ಲಿ ಕುಣಿದ. ಕಿಟಕಿಯಿಂದ ನೋಡುತ್ತಿದ್ದ ಅವನ ಹೆಂಡತಿ ಮೀಕಲಳು ಮನಸ್ಸಿನಲ್ಲೇ ತಾತ್ಸಾರ ಮಾಡಿದಳು. ಸತ್ಯವೇದ ಮೀಕಲಳ ಪಕ್ಷ ವಹಿಸಿಲ್ಲ. ಕುಣಿತ ದಾವೀದನಿಗೆ ಒಗ್ಗಿದ ರೀತಿ. ಮಗುವಿಗಾಗಿ ಹಂಬಲಿಸುತ್ತಿದ್ದ ಹನ್ನಳದ್ದು ಪೂರ್ತಿ ಬೇರೆ. ಅವಳು ದೇವಾಲಯದಲ್ಲಿ ಬರೀ ತುಟಿ ಅಲ್ಲಾಡಿಸುತ್ತಾ ಪ್ರಾರ್ಥನೆ ಮಾಡುತ್ತಿದ್ದಳು, ಸ್ವರವೇ ಹೊರಡುತ್ತಿರಲಿಲ್ಲ, ಯಾಜಕ ಏಲಿ ಅವಳು ಕುಡಿದಿದ್ದಾಳೆ ಅಂದುಕೊಂಡ. ಯಾಜಕನಿಗೇ ಗೊತ್ತಾಗದ ಪ್ರಾರ್ಥನೆ ದೇವರಿಗೆ ಕೇಳಿಸಿತು. ಸಮುವೇಲ ಹುಟ್ಟಿದ.

ನಮ್ಮ ಮನೆಯಲ್ಲೇ ನೋಡು. ನಿನ್ನ ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಸಂಗೀತಗಳು, ಅಂದರೆ ಚರ್ಚಿನ ಹಾಡುಗಳೆಲ್ಲ, ಕೇಳಿ ಕೇಳಿ ಬಾಯಿಗೆ ಬಂದವು. ಅವಳ ಆರಾಧನೆ ನಡೆಯುತ್ತಿದ್ದದ್ದು ಒಲೆಯ ಮುಂದೆ. ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯಲು ಕೂತರೆ ಅವಳ ಕೈಯೇ ತಾಳ, ಅದಕ್ಕೆ ಸರಿಯಾಗಿ ಮೆಲ್ಲಗೆ ಹಾಡು. ರೊಟ್ಟಿ ಎತ್ತಿ ಹಂಚಿನ ಮೇಲೆ ಹಾಕುವಾಗ ಸಾಲು ಅರ್ಧಕ್ಕೇ ನಿಲ್ಲುತ್ತಿತ್ತು. ಒದ್ದೆ ಅರಿವೆಯಿಂದ ಮೇಲೆ ನೀರು ಸವರಿ, ತಿರುವಿ ಹಾಕಿ, ಮುಂದಿನ ಹಿಟ್ಟಿನ ಉಂಡೆ ಕೈಗೆ ತಗೊಂಡಾಗ ಅದೇ ಸಾಲಿನ ಉಳಿದರ್ಧ ಶುರುವಾಗುತ್ತಿತ್ತು. ನಡುವೆ ಯಾರಾದರೂ ಮಾತಾಡಿಸಿದರೆ ಉತ್ತರ ಕೊಡುತ್ತಿದ್ದಳು, ಆದರೆ ಬಿಟ್ಟ ಜಾಗ ಮರೆಯುತ್ತಿರಲಿಲ್ಲ.

ನಿಮ್ಮಪ್ಪನಿಗೆ ಹಾಡು ಒಗ್ಗುವುದಿಲ್ಲ. ಅವರ ಶರ್ಟಿನ ಜೇಬಿನಲ್ಲಿ ಒಂದು ಮಡಚಿದ ಚೀಟಿ ಇರುತ್ತದೆ, ನೀನೂ ನೋಡಿದ್ದೀಯ. ಅದರ ತುಂಬ ಹೆಸರುಗಳು. ಧಾರವಾಡದಿಂದ ಹುಬ್ಬಳ್ಳಿಗೆ ಹೋಗುವ ಬಸ್ಸಿನಲ್ಲಿ ಸತ್ತೂರು ದಾಟಿದ ಮೇಲೆ ಚೀಟಿ ತೆಗೆದು ಒಬ್ಬೊಬ್ಬರಿಗಾಗಿ ಮನಸ್ಸಿನಲ್ಲೇ ಕೇಳಿಕೊಳ್ಳುತ್ತಾ ಹೋಗುತ್ತಾರೆ, ಉಣಕಲ್ ಕೆರೆ ಕಾಣುವ ಹೊತ್ತಿಗೆ ಮುಗಿದಿರುತ್ತದೆ. ಕಣ್ಣು ಮುಚ್ಚುವುದೂ ಇಲ್ಲ. ಯಾರಿಗಾದರೂ ಗುಣವಾದರೆ, ಕೆಲಸ ಸಿಕ್ಕರೆ, ಆ ಹೆಸರನ್ನು ಚೀಟಿಯ ಹಿಂಬದಿಗೆ ಬರೆಯುತ್ತಾರೆ. ಅದು ಸ್ತೋತ್ರದ ಪಟ್ಟಿ, ದೇವರಿಗೆ ವಂದನೆ ಹೇಳಲು. ನಿನ್ನ ಹೆಸರು ಎರಡೂ ಕಡೆ ಇದೆ.

ನನ್ನದು ಬರವಣಿಗೆ. ಕಣ್ಣು ಮುಚ್ಚಿ ಕೂತರೆ ನನ್ನ ಮನಸ್ಸು ಎಲ್ಲೆಲ್ಲೋ ಓಡುತ್ತದೆ, ಕೈಯಲ್ಲಿ ಪೆನ್ನಿದ್ದರೆ ಒಂದು ಕಡೆ ನಿಲ್ಲುತ್ತದೆ. ಅದಕ್ಕೇ ಬೈಬಲಿನ ಕೀರ್ತನೆಗಳನ್ನು ನೋಟ್‌ಬುಕ್ಕಿನಲ್ಲಿ ಕಾಪಿ ಮಾಡುತ್ತೇನೆ. ಈಗ 119ನೇ ಕೀರ್ತನೆ ನಡೆಯುತ್ತಿದೆ. 176 ವಚನ ಇದೆ, ಹೀಬ್ರೂ ಭಾಷೆಯ 22 ಅಕ್ಷರಗಳಿಗೆ ಒಂದೊಂದಕ್ಕೆ ಎಂಟೆಂಟು ವಚನ. ದಿನಕ್ಕೆ ಎಂಟೇ ವಚನ ಬರೆಯುವುದು, ಅದಕ್ಕಿಂತ ಜಾಸ್ತಿ ಇಲ್ಲ. ಬರೆಯುವಾಗ ಎಷ್ಟು ನಿಧಾನವಾಗುತ್ತೀವಿ ಅಂದರೆ, ಎಷ್ಟೋ ವರ್ಷ ಓದಿದ ಮಾತೂ ಆವತ್ತೇ ಮೊದಲ ಸಲ ಕಂಡ ಹಾಗಿರುತ್ತದೆ.

ಇನ್ನು ನಿನಗೇನು ಒಗ್ಗಬಹುದು? ನಾನು ಹೇಳಿದ್ದನ್ನೇ ಮಾಡಬೇಕು ಅಂತಿಲ್ಲ, ಆದರೆ ಒಂದು ಯೋಚನೆ ಬಂತು. ಸೋಪು ಹಾಕಿ ಕೈ ತೊಳೆಯುವುದಕ್ಕೆ 40ರಿಂದ 60 ಸೆಕೆಂಡ್ ಬೇಕು, ವಿಶ್ವ ಆರೋಗ್ಯ ಸಂಸ್ಥೆಯವರ ಚಾರ್ಟ್ ಇದೆ ಅಂತ ಟ್ರೇನಿಂಗ್‌ನಲ್ಲಿದ್ದಾಗ ನೀನೇ ನನಗೆ ಕಲಿಸಿದ್ದೆ. ಮೊದಲು ಅಂಗೈ, ಆಮೇಲೆ ಕೈ ಹಿಂಬದಿ, ಬೆರಳ ಸಂದಿ, ಹೆಬ್ಬೆರಳು, ಉಗುರ ತುದಿ. ಆ ಹೊತ್ತಿನಲ್ಲಿ ಕರ್ತನ ಪ್ರಾರ್ಥನೆಯನ್ನು ಅವಸರವಿಲ್ಲದೆ ಒಂದು ಸಲ ಹೇಳಿ ಮುಗಿಸಬಹುದು. ಕೊನೆಗೆ, ಈಗ ಯಾವ ಬೆಡ್ಡಿನ ಹತ್ತಿರ ಹೋಗುತ್ತಿದ್ದೀಯೋ ಅವರ ಹೆಸರು ಹೇಳು. ಒಂದು ಶಿಫ್ಟಿನಲ್ಲಿ ಎಷ್ಟು ಸಲ ಕೈ ತೊಳೆಯುತ್ತೀಯೋ ಅಷ್ಟು ಪ್ರಾರ್ಥನೆಯಾಯಿತು. ಹೊಸ ಮಾತು ಹುಡುಕುವ ಗೋಜು ಬೇಡ. ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿಯೂ ಮೂರನೆಯ ಸಲ ಹೋಗಿ ಅದೇ ಮಾತನ್ನೇ ಹೇಳಿ ಪ್ರಾರ್ಥಿಸಿದರು ಅಂತ ಮತ್ತಾಯ ಬರೆದಿದ್ದಾನೆ.

ವಾರ್ಡಿನಲ್ಲಿ ಯಾರಾದರೂ ತೀರಿಕೊಂಡ ದಿನ ಸ್ತೋತ್ರ ಬಾಯಿಗೆ ಬರುವುದಿಲ್ಲ. ಆವತ್ತು ಸುಮ್ನೆ ಬಲವಂತವಾಗಿ ಹಾಡಬೇಡ. 13ನೇ ಕೀರ್ತನೆ ತೆಗೆ, ಆರೇ ವಚನ, ಇನ್ನೆಷ್ಟು ದಿನ ನನ್ನನ್ನು ಮರೆತಿರುತ್ತೀ ಅಂತ ದೇವರನ್ನೇ ನೇರ ಕೇಳುತ್ತದೆ. 88ನೆಯದಂತೂ ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೂ ಸಮಾಧಾನದ ಮಾತಿಲ್ಲ. ಅಂಥದ್ದನ್ನೂ ಸತ್ಯವೇದದೊಳಗೆ ಇಟ್ಟಿದ್ದಾರೆ ಅಂದಮೇಲೆ ನಿನ್ನ ಸಿಟ್ಟು, ದುಃಖಕ್ಕೂ ಅಲ್ಲಿ ಜಾಗ ಇದೆ. ತುಂಬ ದಣಿದ ದಿನ 131ನೇ ಕೀರ್ತನೆ ಸಾಕು, ಮೂರೇ ವಚನ, ಮೊಲೆಬಿಟ್ಟ ಕೂಸು ತಾಯಿಯ ಹತ್ತಿರ ಇರುವ ಹಾಗೆ ನನ್ನ ಮನಸ್ಸು ಸುಮ್ಮನಿದೆ ಅನ್ನುತ್ತದೆ. ಅದೂ ಆಗದಿದ್ದರೆ ಊಟ ಮಾಡಿ ಮಲಗು. ಪ್ರವಾದಿ ಎಲೀಯ ಸಾಯಬೇಕು ಅಂತ ಮರದ ಕೆಳಗೆ ಬಿದ್ದುಕೊಂಡಾಗ ದೇವದೂತ ಬಂದು ಬೋಧನೆ ಮಾಡಲಿಲ್ಲ. ಎದ್ದು ತಿನ್ನು ಅಂದ. ರೊಟ್ಟಿ ಮತ್ತು ನೀರು ಇಟ್ಟಿತ್ತು. ಎಲೀಯ ತಿಂದು ಮತ್ತೆ ಮಲಗಿದ, ದೂತ ಎರಡನೇ ಸಲ ಬಂದು ಮತ್ತೆ ತಿನ್ನಿಸಿದ. ದೇವರ ಸಣ್ಣ ಸ್ವರ ಅವನಿಗೆ ಕೇಳಿಸಿದ್ದು ಅದಾದ ಎಷ್ಟೋ ದಿನದ ಮೇಲೆ.

ನನ್ನ ರೀತಿಯಲ್ಲಿ ಪ್ರಾರ್ಥಿಸಿದರೆ ಜನ ಏನಂತಾರೆ ಅನ್ನುವ ಅಂಜಿಕೆ ನಿನಗಿದೆ, ಗೊತ್ತು. ಪಂಡಿತಾ ರಮಾಬಾಯಿಯನ್ನು ನೆನೆಸಿಕೋ. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು, 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ತಗೊಂಡರು. ಅಲ್ಲಿನ ಸಿಸ್ಟರುಗಳು ಧರಿಸುತ್ತಿದ್ದ ಲ್ಯಾಟಿನ್ ಅಕ್ಷರದ ಶಿಲುಬೆ ತನಗೆ ಬೇಡ ಅಂದರು, ತನಗೆ ಲ್ಯಾಟಿನ್ ಬರುವುದಿಲ್ಲ, ಸಂಸ್ಕೃತದಲ್ಲಿ ಯಾಕಿರಬಾರದು ಅಂತ ಕೇಳಿದರು. ಕ್ರೈಸ್ತರಾದ ಮೇಲೂ ಸೀರೆ ಬಿಡಲಿಲ್ಲ, ಸಸ್ಯಾಹಾರ ಬಿಡಲಿಲ್ಲ. ಅದೇ ರಮಾಬಾಯಿ ಕೇಡಗಾಂವ್‌ನಲ್ಲಿ ಅನಾಥ ಹೆಣ್ಣುಮಕ್ಕಳನ್ನು, ವಿಧವೆಯರನ್ನು ಸಾಕುತ್ತಾ, ಹೀಬ್ರೂ ಗ್ರೀಕ್ ಕಲಿತು ಇಡೀ ಬೈಬಲನ್ನು ಮರಾಠಿಗೆ ತಂದರು. ನಮ್ಮ ಧಾರವಾಡದಲ್ಲೇ ಹುಟ್ಟಿದ ಉತ್ತಂಗಿ ಚನ್ನಪ್ಪನವರನ್ನೂ ನೋಡು. ಸಭಾಪಾಲಕರಾಗಿದ್ದುಕೊಂಡೇ ಊರೂರು ಸುತ್ತಿ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದರು, 1949ರಲ್ಲಿ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಯೇಸುವಿನ ಮೇಲಿನ ಭಕ್ತಿಗೂ ಸರ್ವಜ್ಞನ ಮೇಲಿನ ಪ್ರೀತಿಗೂ ಅವರಲ್ಲಿ ಜಗಳ ಇರಲಿಲ್ಲ. ಅದನ್ನು ನೆನೆದಾಗಲೆಲ್ಲ, ಕನ್ನಡ ಮೇಷ್ಟ್ರು ಕೆಲಸ ಮಾಡಿದ ನನಗೆ ಎಷ್ಟು ಧೈರ್ಯ ಬರುತ್ತದೆ ಗೊತ್ತಾ!

ಆದರೆ ಒಂದು ವಿಷಯದಲ್ಲಿ ನಾನು ಬಗ್ಗುವುದಿಲ್ಲ. ನನ್ನ ರೀತಿ ಅಂತ ಹೇಳಿ ಸಭೆ ಬಿಡಬೇಡ. ಹಾಸಿಗೆಯಲ್ಲಿ ಮಲಗಿ ಫೋನಿನಲ್ಲಿ ಆರಾಧನೆ ನೋಡುವುದು ಜ್ವರ ಬಂದ ದಿನಕ್ಕೆ ಸರಿ, ಅದೇ ಅಭ್ಯಾಸ ಆಗಬಾರದು. ಕೋಣೆಗೆ ಹೋಗಿ ಬಾಗಿಲು ಮುಚ್ಚಿ ಪ್ರಾರ್ಥಿಸು ಅಂದ ಸ್ವಾಮಿಯೇ, ಇಬ್ಬರು ಮೂವರು ನನ್ನ ಹೆಸರಿನಲ್ಲಿ ಕೂಡಿದಲ್ಲಿ ನಾನಿದ್ದೇನೆ ಅಂತಲೂ ಹೇಳಿದ್ದಾರೆ. ಕರ್ತನ ಭೋಜನವನ್ನು ಒಬ್ಬಳೇ ಮಾಡಿಕೊಳ್ಳಲು ಆಗುತ್ತದಾ? ಒಂದೇ ರೊಟ್ಟಿ ಮುರಿದು ಹಂಚಬೇಕು, ಪಕ್ಕದಲ್ಲಿ ಮೊಣಕಾಲೂರಿದವಳು ನಿನಗೆ ಇಷ್ಟವಿಲ್ಲದವಳೇ ಆಗಿರಬಹುದು. ನಿನ್ನ ಬಾಯಿಂದ ಹಾಡು ಬರದ ದಿನ ಬೇರೆಯವರು ನಿನ್ನ ಬದಲು ಹಾಡುತ್ತಿರುತ್ತಾರೆ. ನೀನು ನಂಬಲಾಗದ ದಿನವೂ ಸುತ್ತಲಿನವರು ನಂಬಿಕೆಯ ಪ್ರಮಾಣ ಹೇಳುತ್ತಿರುತ್ತಾರೆ. ನಿನ್ನ ಅಜ್ಜ ತೀರಿಕೊಂಡಾಗ ನಾನು ತಿಂಗಳುಗಟ್ಟಲೆ ಸುಮ್ಮನೆ ಬೆಂಚಿನಲ್ಲಿ ಕೂತು ಬರುತ್ತಿದ್ದೆ, ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಸಭೆಯ ದನಿ.

ಈಗ ಹೋಗುತ್ತಿರುವ ಕಡೆ ಗದ್ದಲ ಜಾಸ್ತಿ ಅನ್ನಿಸಿದರೆ ಬೇರೆ ಕಡೆ ಹೋಗಿ ನೋಡು, ಅದರಲ್ಲಿ ತಪ್ಪೇನಿಲ್ಲ. ಬೆಂಗಳೂರಿನಲ್ಲಿ ಕಾರ್ಪೊರೇಷನ್ ಹತ್ತಿರ ಹಡ್ಸನ್ ಚರ್ಚ್ ಇದೆ, 1904ರ ಕಲ್ಲಿನ ಕಟ್ಟಡ, ಕನ್ನಡದಲ್ಲಿ ಆರಾಧನೆ. ನೀನು ಚಿಕ್ಕಂದಿನಿಂದ ಕೇಳಿದ ಸಂಗೀತಗಳು ಅಲ್ಲಿ ಸಿಗುತ್ತವೆ. ಆರಾಧನೆಯ ಸಮಯ ಮೊದಲೇ ವಿಚಾರಿಸಿಕೊಂಡು ನಿನ್ನ ಶಿಫ್ಟಿಗೆ ಯಾವುದು ಹೊಂದುತ್ತದೋ ಅದಕ್ಕೆ ಹೋಗು. ಭಾನುವಾರ ಡ್ಯೂಟಿ ಬಿದ್ದರೆ ಮನಸ್ಸು ಸಣ್ಣದು ಮಾಡಿಕೊಳ್ಳಬೇಡ, ರೋಗಿಯನ್ನು ನೋಡಲು ಬಂದವರು ನನ್ನನ್ನೇ ನೋಡಲು ಬಂದರು ಅಂತ ಸ್ವಾಮಿ ಹೇಳಿದ್ದಾರಲ್ಲ. ಆದರೆ ರಜೆ ಸಿಕ್ಕ ಭಾನುವಾರ ತಪ್ಪಿಸಬೇಡ.

ಕೈ ತೊಳೆಯುವಾಗಿನ ಪ್ರಾರ್ಥನೆಯನ್ನು ಒಂದು ವಾರ ಮಾಡಿ ನೋಡು. ಒಗ್ಗದಿದ್ದರೆ ಬಿಡು, ಬೇರೆ ಹುಡುಕೋಣ. ನಿಮ್ಮಪ್ಪನ ಹಾಗೆ ಚೀಟಿ ಇಟ್ಟುಕೊಳ್ಳಬಹುದು, ಹಾಸ್ಟೆಲ್‌ನಿಂದ ಆಸ್ಪತ್ರೆಗೆ ನಡೆಯುವಾಗ ಒಂದೇ ವಚನ ಹೇಳಿಕೊಳ್ಳಬಹುದು. ಮತ್ತೆ ನಿನ್ನ ವಾರ್ಡಿನ ಆ ಅಜ್ಜನ ಹೆಸರು ಏನು ಅಂತ ಮೆಸೇಜ್ ಮಾಡು, ಅಪ್ಪ ಚೀಟಿಗೆ ಸೇರಿಸಬೇಕಂತೆ.

ಪ್ರೀತಿಯಿಂದ,
ಅಮ್ಮ