ಧರ್ಮದ ಖರ್ಚಿಗೆ ಬೇರೆ ಲೆಕ್ಕ ಕೊಡಿ

ಮಾನ್ಯರೇ,
ಯಾವ ಧರ್ಮದ ಕೆಲಸಕ್ಕೆ ಸರ್ಕಾರ ಎಷ್ಟು ದುಡ್ಡು ಕೊಡುತ್ತಿದೆ ಎಂಬುದು ಜನರಿಗೆ ಸುಲಭವಾಗಿ ತಿಳಿಯುವುದಿಲ್ಲ. ಒಂದು ನಿರ್ದಿಷ್ಟ ಧರ್ಮವನ್ನು ಬೆಳೆಸಲೆಂದೇ ಮೀಸಲಿಟ್ಟ ತೆರಿಗೆ ಕಟ್ಟುವಂತೆ ಯಾರನ್ನೂ ಬಲವಂತ ಮಾಡುವಂತಿಲ್ಲ ಎನ್ನುತ್ತದೆ ಸಂವಿಧಾನದ 27ನೇ ವಿಧಿ. ಮಂತ್ರಿಗಳು ಮನೆಯಲ್ಲಿ ಪೂಜೆ ಮಾಡಲಿ, ನಮಾಜ್ ಮಾಡಲಿ, ಏನೂ ಮಾಡದೆ ಸುಮ್ನೆ ಇರಲಿ, ಅದು ಅವರಿಷ್ಟ. ಖಜಾನೆ ಮಾತ್ರ ಎಲ್ಲರದ್ದು, ಅಲ್ವಾ? ಯಾತ್ರೆಗೆ ನೆರವು, ಉತ್ಸವಕ್ಕೆ ಅನುದಾನ, ಪ್ರಾರ್ಥನಾ ಮಂದಿರದ ರಿಪೇರಿ ಹೀಗೆ ಬೇರೆ ಬೇರೆ ಇಲಾಖೆಗಳ ಲೆಕ್ಕದಲ್ಲಿ ಇವು ಚದುರಿಹೋಗುತ್ತವೆ. ಹಾಗಾಗಿ 'ಅವರಿಗೆ ಜಾಸ್ತಿ, ನಮಗೆ ಕಡಿಮೆ' ಎಂಬ ಗುಸುಗುಸು ನಿಲ್ಲುವುದೇ ಇಲ್ಲ. ಚುನಾವಣೆ ಬಂದಾಗಲಂತೂ ಅದು ಭಾಷಣವೇ ಆಗಿಬಿಡುತ್ತದೆ. ಪ್ರತಿ ವರ್ಷ ಬಜೆಟ್ ಜೊತೆಗೇ ಇವೆಲ್ಲದರ ಒಂದೇ ಪಟ್ಟಿಯನ್ನು, ಕೊಟ್ಟ ಕಾರಣದ ಸಮೇತ, ಸದನದ ಮುಂದಿಡಬೇಕು.