ಅಪ್ಪಾಜಿ, ಅವರು ಸೋತರು ಅನ್ನಬೇಡಿ

ಕ್ರಾಕುವ್, ಪೋಲೆಂಡ್
19 ನವೆಂಬರ್ 2023

ತೀರ್ಥರೂಪ ಅಪ್ಪಾಜಿಗೆ,

ನಿಮ್ಮ ಮಗಳ ನಮಸ್ಕಾರಗಳು. ನಾನು ಇಲ್ಲಿ ಆರಾಮ ಇದ್ದೇನೆ. ಅವ್ವನ ಮೊಣಕಾಲು ನೋವು ಹೇಗಿದೆ, ಬರೆಯಿರಿ. ಈ ವರ್ಷ ಮಳೆ ಕೈಕೊಟ್ಟು ಹಿಂಗಾರಿ ಜೋಳ ಕಷ್ಟ ಅಂತ ಅಣ್ಣ ಹೇಳಿದ. ನೀರು ಇದ್ದಷ್ಟಕ್ಕೆ ಬಿತ್ತಿ. ಸಾಲ ಮಾಡಿ ಹೊಸ ಬೋರ್ ಹೊಡೆಸಬೇಡಿ.

ದೀಪಾವಳಿಗೆ ಫೋನ್ ಮಾಡಿದಾಗ ನೀವು ಕೇಳಿದ್ದಿರಿ: "ಹೋದ ವರ್ಷ ನಾಕು ದಿನದಾಗ ಅಷ್ಟು ನೆಲ ವಾಪಸ್ ತಗೊಂಡ ಉಕ್ರೇನಿನವರು ಈ ವರ್ಷ ಯಾಕ ನಿಂತರು? ಸೋತಂಗ ಅಲ್ಲೇನು?" ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಆಯುಷ್ಯ ಸವೆಸಿದ ನಿಮಗೆ ಯುದ್ಧದ ಬಗ್ಗೆ ನಾನು ಹೇಳಿಕೊಡುವುದು ಏನೂ ಇಲ್ಲ. ಆದರೆ ಉಕ್ರೇನಿನ ಇಬ್ಬರು ಹೆಂಗಸರು ನನ್ನ ಎಡಬಲಕ್ಕೆ ಕೂತು ಕೆಲಸ ಮಾಡುತ್ತಾರೆ. ಒಬ್ಬಳು ಬಾಲಾಕ್ಲಿಯಾದವಳು, ಇನ್ನೊಬ್ಬಳು ಮೆಲಿಟೊಪೊಲ್‌ನವಳು. ನಿಮ್ಮ ಪ್ರಶ್ನೆಗೆ ಉತ್ತರ ಈ ಎರಡು ಊರುಗಳಲ್ಲೇ ಇದೆ.

ಖಾರ್ಕಿವ್ ಹೆಸರು ನಮ್ಮ ಮನೆಗೆ ಬಂದದ್ದು ಹೇಗೆ ಅಂತ ನಿಮಗೆ ನೆನಪಿದೆ. 2022ರ ಮಾರ್ಚ್ 1ರಂದು ಹಾವೇರಿ ಕಡೆಯ ಮೆಡಿಕಲ್ ಓದುವ ಹುಡುಗ ಅಲ್ಲಿ ಶೆಲ್ ದಾಳಿಗೆ ಸತ್ತ. ಅವ್ವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಬಾಲಾಕ್ಲಿಯಾ ಅದೇ ಖಾರ್ಕಿವ್ ಪ್ರಾಂತ್ಯದ ಸಣ್ಣ ಪಟ್ಟಣ. ಮಾರ್ಚ್ ಮೊದಲಲ್ಲೇ ರಷ್ಯಾ ಸೈನ್ಯ ಅಲ್ಲಿ ಬಂದು ಕೂತಿತು. ಗೆಳತಿಯ ತಾಯಿ ಅಲ್ಲೇ ಉಳಿದಿದ್ದರು. ಆಮೇಲೆ ಫೋನ್ ಸತ್ತುಹೋಯಿತು. ಇವಳು ಇಲ್ಲಿ ಕಂಪ್ಯೂಟರ್ ಮುಂದೆ ಕೂತು ಬಿಲ್ ನೋಡುವಳು, ಊಟದ ಹೊತ್ತಿನಲ್ಲಿ ಮೊಬೈಲ್‌ನಲ್ಲಿ ನಕಾಶೆ ತೆಗೆದು ಕೂರುವಳು. ನಕಾಶೆ ತಿಂಗಳುಗಟ್ಟಲೆ ಹಾಗೇ ಇತ್ತು.

ಆ ಬೇಸಿಗೆಯಲ್ಲಿ ಉಕ್ರೇನಿನವರು ಖೆರ್ಸಾನ್ ಮೇಲೆ ಪ್ರತಿದಾಳಿ ಮಾಡುತ್ತೇವೆ ಅಂತ ಬಹಿರಂಗವಾಗಿ ಹೇಳುತ್ತಾ ಬಂದರು. ಖೆರ್ಸಾನ್ ಇರುವುದು ದಕ್ಷಿಣದಲ್ಲಿ, ದ್ನೀಪ್ರೊ ನದಿಯ ಪಶ್ಚಿಮ ದಂಡೆಯ ಮೇಲೆ. ಅಲ್ಲಿದ್ದ ರಷ್ಯಾ ಸೈನ್ಯಕ್ಕೆ ರೇಷನ್, ಗುಂಡು ಎಲ್ಲ ಸೇತುವೆ ದಾಟಿಯೇ ಬರಬೇಕಿತ್ತು. ಜೂನ್ ಕೊನೆಗೆ ಅಮೆರಿಕದ ಹೈಮಾರ್ಸ್ ರಾಕೆಟ್‌ಗಳು ಬಂದವು. ಜುಲೈಯಿಂದ ಆಂಟೊನಿವ್ಸ್ಕಿ ಸೇತುವೆಗೆ ಮತ್ತೆ ಮತ್ತೆ ಹೊಡೆದರು. ರಷ್ಯಾ ತನ್ನ ಒಳ್ಳೆಯ ಪಡೆಗಳನ್ನು ಆ ಕಡೆ ಸಾಗಿಸಿತು. ಖಾರ್ಕಿವ್ ಕಡೆ ಉಳಿದದ್ದು ತೆಳ್ಳನೆಯ ಸಾಲು.

ಸೆಪ್ಟೆಂಬರ್ 6ರಂದು ಉಕ್ರೇನಿನವರು ಆ ತೆಳ್ಳನೆಯ ಜಾಗದಲ್ಲೇ ನುಗ್ಗಿದರು. 8ಕ್ಕೆ ಬಾಲಾಕ್ಲಿಯಾ ಬಿಡುಗಡೆ ಆಯಿತು. 10ಕ್ಕೆ ಕುಪ್ಯಾನ್ಸ್ಕ್. ರೈಲು ಹಳಿಗಳು ಕೂಡುವ ಆ ಊರು ಕೈ ತಪ್ಪಿದ ಮೇಲೆ ದಕ್ಷಿಣಕ್ಕಿದ್ದ ಇಝ್ಯೂಮ್‌ನಲ್ಲಿ ರಷ್ಯಾದವರು ನಿಲ್ಲಲು ಆಗಲಿಲ್ಲ. ಟ್ಯಾಂಕು, ಮದ್ದುಗುಂಡಿನ ದಾಸ್ತಾನು ಎಲ್ಲ ಬಿಟ್ಟು ಓಡಿದರು. ಒಟ್ಟು ಸುಮಾರು 12 ಸಾವಿರ ಚದರ ಕಿಲೋಮೀಟರ್ ಅಂತ ಆಮೇಲೆ ಲೆಕ್ಕ ಹೇಳಿದರು. ನಮ್ಮ ಇಡೀ ಬೆಳಗಾವಿ ಜಿಲ್ಲೆ 13 ಸಾವಿರ ಚಿಲ್ಲರೆ, ಅಲ್ವಾ? ನೀವು ಹೇಳುತ್ತಿದ್ದಿರಿ, ಮೋರ್ಚಾದ ಕಂದಕದಲ್ಲಿ ಒಬ್ಬ ಕೂತಿದ್ದರೆ ಅವನನ್ನು ಎಬ್ಬಿಸಲು ಮೂವರು ಬೇಕು ಅಂತ. ಇವರು ಒಬ್ಬನೂ ಸರಿಯಾಗಿ ಕೂತಿರದ ಜಾಗ ಹುಡುಕಿದ್ದರು.

ಬಾಲಾಕ್ಲಿಯಾಕ್ಕೆ ಬಂದ ಸೈನಿಕರನ್ನು ಹೆಂಗಸರು ತಬ್ಬಿಕೊಂಡು ಅತ್ತದ್ದನ್ನು ಆಫೀಸಿನಲ್ಲಿ ಎಲ್ಲರೂ ವಿಡಿಯೋದಲ್ಲಿ ನೋಡಿದೆವು. ಅಜ್ಜಿಯರು ಮನೆಯಲ್ಲಿ ಮಾಡಿದ್ದನ್ನು ತಂದು ತಿನ್ನಿ ತಿನ್ನಿ ಅಂತ ಒತ್ತಾಯ ಮಾಡುತ್ತಿದ್ದರು. ಗೆಳತಿ ಒಂದೊಂದೇ ಮುಖ ನಿಲ್ಲಿಸಿ ನೋಡಿದಳು. ಅವಳ ತಾಯಿ ಅದರಲ್ಲಿ ಇರಲಿಲ್ಲ. ಕೆಲವು ದಿನ ಕಳೆದ ಮೇಲೆ ಯಾರದೋ ಫೋನಿನಿಂದ ಕರೆ ಬಂತು. ಮಗಳು ಬಿಕ್ಕಿ ಬಿಕ್ಕಿ ಅಳುತ್ತಿದ್ದರೆ ಆ ತಾಯಿ ಮೊದಲು ಕೇಳಿದ್ದು, "ಊಟ ಸರಿಯಾಗಿ ಮಾಡ್ತಿದ್ದೀಯಾ?" ಅಂತ. ಅವ್ವನೂ ಅದನ್ನೇ ಕೇಳುತ್ತಿದ್ದಳು.

ಅದೇ ವಾರ ಇಝ್ಯೂಮ್ ಪಕ್ಕದ ಪೈನ್ ಕಾಡಿನಲ್ಲಿ 400ಕ್ಕೂ ಜಾಸ್ತಿ ಗೋರಿಗಳು ಸಿಕ್ಕವು. ಬಹಳಷ್ಟಕ್ಕೆ ಹೆಸರಿಲ್ಲ, ಮರದ ಶಿಲುಬೆಯ ಮೇಲೆ ಬರೀ ನಂಬರು. ಅಪ್ಪಾಜಿ, ಪ್ರತಿದಾಳಿ ಅಂದರೆ ನಕಾಶೆಯ ಬಣ್ಣ ಬದಲಾಗುವುದು ಅಂತ ಇಲ್ಲಿಯೂ ಬಹಳ ಜನ ಮಾತಾಡುತ್ತಾರೆ. ನನಗೆ ಅದನ್ನು ಕೇಳಲು ಆಗುವುದಿಲ್ಲ. ಸೈನ್ಯ ಒಂದು ತಿಂಗಳು ತಡವಾಗಿ ಬಂದರೆ ಒಳಗಿದ್ದವರಿಗೆ ಆ ಒಂದು ತಿಂಗಳು ಏನು ಅಂತ ಆ ಕಾಡು ನೋಡಿದ ಮೇಲೆ ಗೊತ್ತಾಯಿತು.

ನವೆಂಬರ್ 11ಕ್ಕೆ ಖೆರ್ಸಾನ್ ನಗರವೂ ಬಿಡುಗಡೆ ಆಯಿತು. ಅಲ್ಲಿಗೆ ಎಲ್ಲರಿಗೂ ಆಸೆ ಬಂತು. ಮುಂದಿನ ಬೇಸಿಗೆಗೆ ಮೆಲಿಟೊಪೊಲ್ ಅಂತ.

ಈಗ ಎರಡನೆಯ ಗೆಳತಿಯ ಮಾತು. ಮೆಲಿಟೊಪೊಲ್ ಚೆರಿ ಹಣ್ಣಿಗೆ ಹೆಸರಾದ ಊರು. ಅವಳ ತಂದೆಗೆ ನಿಮ್ಮದೇ ವಯಸ್ಸು, ಮನೆ ಹಿತ್ತಲಲ್ಲಿ ಚೆರಿ ಮರಗಳಿವೆ. ಯುದ್ಧದ ಮೊದಲ ವಾರದಿಂದ ಆ ಊರು ರಷ್ಯಾದವರ ಕೈಯಲ್ಲಿದೆ. ಅಲ್ಲಿ ರಷ್ಯಾ ಪಾಸ್‌ಪೋರ್ಟ್ ಮಾಡಿಸದವರಿಗೆ ಪಿಂಚಣಿ, ಔಷಧಿ ಸಿಗುವುದು ಕಷ್ಟ. ನಿಮ್ಮ ಪಿಂಚಣಿಗೆ ಇನ್ನೊಂದು ದೇಶದ ಕಾಗದಕ್ಕೆ ಸಹಿ ಹಾಕು ಅಂದರೆ ನೀವು ಏನು ಮಾಡುತ್ತಿದ್ದಿರಿ ಅಂತ ಎಷ್ಟೋ ಸಲ ಯೋಚಿಸಿದ್ದೇನೆ.

ಈ ವರ್ಷದ ಪ್ರತಿದಾಳಿ ಜೂನ್‌ನಲ್ಲಿ ಶುರುವಾಯಿತು. ಟೋಕ್ಮಾಕ್, ಮೆಲಿಟೊಪೊಲ್ ದಾಟಿ ಅಜೋವ್ ಸಮುದ್ರ ಮುಟ್ಟುವುದು, ರಷ್ಯಾದಿಂದ ಕ್ರಿಮಿಯಾಕ್ಕೆ ಹೋಗುವ ನೆಲದ ದಾರಿ ಕಡಿಯುವುದು ಯೋಜನೆ. ಆದರೆ ಈ ಸಲ ಎದುರಾಳಿ ಕಾಯುತ್ತಿದ್ದ. 3 ಲಕ್ಷ ಜನರನ್ನು ಹೊಸದಾಗಿ ಸೈನ್ಯಕ್ಕೆ ಕರೆದಿದ್ದ. ಚಳಿಗಾಲ ಪೂರ್ತಿ ಅಗೆದಿದ್ದ. ಸಾಲು ಸಾಲು ಕಂದಕ, ಟ್ಯಾಂಕ್ ತಡೆಯುವ ಸಿಮೆಂಟ್ ಗೂಟ, ಅದರ ಮುಂದೆ ಕಿಲೋಮೀಟರ್‌ಗಟ್ಟಲೆ ನೆಲದಲ್ಲಿ ಹೂತಿಟ್ಟ ಮೈನ್ ಬಾಂಬ್. ಜರ್ಮನಿಯ ಲೆಪರ್ಡ್ ಟ್ಯಾಂಕು, ಅಮೆರಿಕದ ಬ್ರಾಡ್ಲಿ ಗಾಡಿಗಳು ಮೊದಲ ವಾರದಲ್ಲೇ ಮೈನ್ ಹೊಲಗಳಲ್ಲಿ ಸಿಕ್ಕಿಬಿದ್ದವು. ಮೇಲೆ ಡ್ರೋನ್. ಎಲ್ಲಿ ಹತ್ತು ಜನ ಕೂಡಿದರೂ ಕಾಣುತ್ತದೆ. ಆಕಾಶ ಇವರ ಕೈಯಲ್ಲಿ ಇಲ್ಲ. ಎಫ್-16 ಯುದ್ಧವಿಮಾನ ಕೊಡುತ್ತೇವೆ ಅಂದಿದ್ದಾರೆ, ಇನ್ನೂ ಬಂದಿಲ್ಲ.

ಆಮೇಲೆ ಸಣ್ಣ ಸಣ್ಣ ಗುಂಪಾಗಿ ನಡೆದೇ ಹೊರಟರು. ಹೊಟ್ಟೆ ಮೇಲೆ ತೆವಳಿ ಕೈಯಿಂದ ಮೈನ್ ತೆಗೆಯುವುದು, ಒಂದು ಮರದ ಸಾಲಿನಿಂದ ಮುಂದಿನ ಮರದ ಸಾಲಿಗೆ ಹೋಗುವುದು. ಆಗಸ್ಟ್ ಕೊನೆಗೆ ರೊಬೊಟಿನೆ ಅನ್ನುವ ಹಳ್ಳಿ ಸಿಕ್ಕಿತು. ಐದು ತಿಂಗಳಲ್ಲಿ ಮುಂದೆ ಹೋದದ್ದು 17 ಕಿಲೋಮೀಟರ್. ಬೈಲಹೊಂಗಲದಿಂದ ಹೊರಟರೆ ಕಿತ್ತೂರು ಕೂಡ ಮುಟ್ಟುವುದಿಲ್ಲ. ಅವರ ಸೇನಾಪತಿ ವಾಲೆರಿ ಝಲುಝ್ನಿ ಅವರೇ ಈ ತಿಂಗಳ ಮೊದಲಲ್ಲಿ ಹೇಳಿದರು, ಮೊದಲ ಮಹಾಯುದ್ಧದ ಹಾಗೆ ಎರಡೂ ಕಡೆ ಸಿಕ್ಕಿಕೊಂಡು ನಿಂತಿದ್ದೇವೆ ಅಂತ. ಯುದ್ಧ ನಡೆಯುತ್ತಿರುವಾಗ ತನ್ನ ಜನರಿಗೆ ಹೀಗೆ ನಿಜ ಹೇಳಲು ಗಟ್ಟಿ ಎದೆ ಬೇಕು. ಅವರ ಮೇಲೆ ನನಗೆ ಗೌರವ ಜಾಸ್ತಿಯೇ ಆಯಿತು.

ನೀವು ಸೋತಂಗ ಅಂದದ್ದು ಇದಕ್ಕೇ ಅಂತ ಗೊತ್ತು. ಆದರೆ ಕಿತ್ತೂರಿನ ಲೆಕ್ಕ ಹಾಕಿ ನೋಡಿ. 1824ರ ಅಕ್ಟೋಬರ್‌ನಲ್ಲಿ ಥ್ಯಾಕರೆ ಸೊಕ್ಕಿನಿಂದ ಬಂದ, ಚೆನ್ನಮ್ಮನ ಸೈನ್ಯ ಅವನನ್ನು ಅಲ್ಲೇ ಕೆಡವಿತು. ಡಿಸೆಂಬರ್‌ನಲ್ಲಿ ಕಂಪನಿಯವರು ಪಾಠ ಕಲಿತು ದೊಡ್ಡ ಸೈನ್ಯ, ತೋಪು ತಂದರು. ಕೋಟೆ ಬಿತ್ತು. ರಾಣಿ ನಮ್ಮ ಬೈಲಹೊಂಗಲದಲ್ಲೇ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡಳು. ರಾಯಣ್ಣ ಮತ್ತೆ ಜನ ಕೂಡಿಸಿ ಹೋರಾಡಿದ, 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೆ ಹಾಕಿದರು. ಆ ಕಥೆ ಹೇಳುವಾಗ ನೀವು ಯಾವತ್ತೂ "ಕಿತ್ತೂರು ಸೋತಿತು" ಅಂದದ್ದನ್ನು ನಾನು ಕೇಳಿಲ್ಲ. ಪ್ರತಿ ಅಕ್ಟೋಬರ್‌ಗೆ ಉತ್ಸವಕ್ಕೆ ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದಿರಿ. ಮನೆಗೆ ನುಗ್ಗಿದವನ ಎದುರು ನಿಂತವರನ್ನು ನೀವೇ ನನಗೆ ಹಾಗೆ ನೋಡಲು ಕಲಿಸಿದ್ದು. ಆ ಮಾತು ಉಕ್ರೇನಿಗೂ ಸಲ್ಲುತ್ತದೆ ಅಂತ ನನ್ನ ಅಭಿಪ್ರಾಯ.

ಸುಮ್ನೆ ಧೈರ್ಯ ಹೇಳಬೇಕು ಅಂತಲೂ ನಾನು ಬರೆಯುತ್ತಿಲ್ಲ. ಮೆಲಿಟೊಪೊಲ್ ಯಾವಾಗ ಬಿಡುಗಡೆ ಆಗುತ್ತದೆ ಅಂತ ಹೇಳಲು ಯಾರಿಗೂ ಆಗುವುದಿಲ್ಲ. ಆ ಊರಿನ ಗೆಳತಿ ಒಮ್ಮೊಮ್ಮೆ ಬಾಲಾಕ್ಲಿಯಾದವಳ ಮುಖ ನೋಡುವುದನ್ನೂ ಬಿಡುತ್ತಾಳೆ. ಬಾಲಾಕ್ಲಿಯಾದವಳ ತಾಯಿ ಪ್ರತಿ ಭಾನುವಾರ ಫೋನ್ ಮಾಡುತ್ತಾರೆ, ಮೆಲಿಟೊಪೊಲ್‌ನವಳ ತಂದೆ ಹುಷಾರಾಗಿ ಎರಡೇ ಮಾತು ಆಡಿ ಇಡುತ್ತಾರೆ. ಇದರಲ್ಲಿ ಇಬ್ಬರ ತಪ್ಪೂ ಇಲ್ಲ.

ನೀವು ಸೈನ್ಯದಲ್ಲಿ ಇದ್ದಿರಿ ಅಂತ ಮೆಲಿಟೊಪೊಲ್‌ನವಳಿಗೆ ಹೇಳಿದ್ದೇನೆ. "ನಿಮ್ಮ ತಂದೆ ಏನು ಹೇಳುತ್ತಾರೆ, ಚಳಿಗಾಲದಲ್ಲಿ ಸಾಲು ಹಿಡಿದು ನಿಲ್ಲಬಹುದಾ?" ಅಂತ ಕೇಳಿದಳು. ಮುಂದಿನ ಭಾನುವಾರ ಫೋನ್ ಮಾಡುವಾಗ ಅವಳು ನನ್ನ ಮನೆಗೆ ಊಟಕ್ಕೆ ಬಂದಿರುತ್ತಾಳೆ. ನಿಮಗೆ ಅನಿಸಿದ್ದನ್ನು ಕನ್ನಡದಲ್ಲೇ ಹೇಳಿ, ನಾನು ತಿಳಿಸುತ್ತೇನೆ. ಸುಳ್ಳು ಹೇಳುವುದು ಬೇಡ. ಆ ಒಂದು ಶಬ್ದ ಮಾತ್ರ ಬೇಡ.

ಅವ್ವನಿಗೆ, ಅಣ್ಣ ಅತ್ತಿಗೆಗೆ ನಮಸ್ಕಾರ. ಮಕ್ಕಳಿಗೆ ಮುತ್ತು.

ನಿಮ್ಮ ಮಗಳು