ಸ್ಟಾರ್ ವಾರ್ಸ್ ಕಾದಂಬರಿಗಳು ಸಿನಿಮಾದ ಬಾಲಂಗೋಚಿಯಲ್ಲ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಸ್ಟಾರ್ ವಾರ್ಸ್ ಕಾದಂಬರಿಗಳ ಬಗ್ಗೆ ಬಂದ ಬರಹದಲ್ಲಿ ಮುಖ್ಯವಾಗಿ ಎರಡು ಮಾತುಗಳಿದ್ದವು. ಇವು ಸಿನಿಮಾ ಕಥೆಯನ್ನೇ ಅಕ್ಷರಕ್ಕಿಳಿಸಿದ ಪುಸ್ತಕಗಳು ಎಂಬುದು ಒಂದು. ಸ್ಟಾರ್ ವಾರ್ಸ್ ತಯಾರಿಸುವ ಲೂಕಾಸ್‌ಫಿಲ್ಮ್ ಕಂಪನಿಯನ್ನು ಕೊಂಡ ಡಿಸ್ನಿ 2014ರಲ್ಲಿ ಅವನ್ನೆಲ್ಲ ರದ್ದು ಮಾಡಿದ್ದಕ್ಕೇ ಅಭಿಮಾನಿಗಳು ಮುನಿಸಿಕೊಂಡಿದ್ದಾರೆ ಎಂಬುದು ಇನ್ನೊಂದು. ಮೊದಲನೆಯದು ತಪ್ಪು, ಎರಡನೆಯದು ಅರ್ಧ ಸರಿ. ಈ ಪುಸ್ತಕಗಳನ್ನು ಮೊದಲಿನಿಂದ ಓದಿಕೊಂಡು ಬಂದವರ ನಿಜವಾದ ತಕರಾರು ಬೇರೆಯೇ ಇದೆ: ಹಲವರು ಸೇರಿ ಬರೆಯುವ ಕಥೆಗೆ ಮೊದಲೇ ಯೋಜನೆ ಹಾಕಿ, ಕೊನೆತನಕ ಹಿಡಿತ ಇಟ್ಟುಕೊಳ್ಳುವ ಕೆಲಸ ಸರಿಯಾಗಿ ನಡೆದದ್ದು ಕೆಲವೇ ಸಲ.

ಮೊದಲ ಚಿತ್ರದ ಕಾದಂಬರಿ ರೂಪ ಹೊರಬಂದದ್ದು 1976ರ ನವೆಂಬರ್‌ನಲ್ಲಿ, ಚಿತ್ರ ತೆರೆಗೆ ಬರುವುದಕ್ಕೆ ಆರು ತಿಂಗಳು ಮುಂಚೆ. ಮುಖಪುಟದಲ್ಲಿ ಚಿತ್ರದ ನಿರ್ದೇಶಕ ಜಾರ್ಜ್ ಲೂಕಾಸ್ ಹೆಸರಿತ್ತು, ಬರೆದವರು ಅಲನ್ ಡೀನ್ ಫಾಸ್ಟರ್. ಅವರದೇ 1978ರ 'ಸ್ಪ್ಲಿಂಟರ್ ಆಫ್ ದ ಮೈಂಡ್ಸ್ ಐ' ಸಿನಿಮಾದಲ್ಲಿಲ್ಲದ ಹೊಸ ಕಥೆ. ಅಗ್ಗದಲ್ಲಿ ಎರಡನೇ ಚಿತ್ರ ಮಾಡಬೇಕಾಗಿ ಬಂದರೆ ಇರಲಿ ಎಂದು ಬರೆಸಿದ್ದು. ಹಾಗಾಗಿ ಕಥೆ ನಡೆಯುವುದು ಮಂಜು ಕವಿದ ಗ್ರಹದಲ್ಲಿ. ಸೆಟ್ಟಿನ ಖರ್ಚು ಉಳಿಯುತ್ತದಲ್ಲ! ಹ್ಯಾರಿಸನ್ ಫೋರ್ಡ್ ಮುಂದಿನ ಚಿತ್ರಕ್ಕೆ ಇನ್ನೂ ಸಹಿ ಹಾಕಿರಲಿಲ್ಲವಾದ್ದರಿಂದ ಅವರು ನಟಿಸಿದ್ದ ಹಾನ್ ಸೋಲೋ ಪಾತ್ರ ಇದರಲ್ಲಿ ಇಲ್ಲವೇ ಇಲ್ಲ. ಕಥಾನಾಯಕ ಲೂಕ್ ಮತ್ತು ರಾಜಕುಮಾರಿ ಲಿಯಾ ನಡುವೆ ಮಾತ್ರ ಧಾರಾಳ ಆಕರ್ಷಣೆ. 1983ರ ಚಿತ್ರ ಅವರನ್ನು ಅಣ್ಣತಂಗಿ ಮಾಡಿತು. ಇಂದು ಆ ಪುಟಗಳನ್ನು ಓದುವುದು ಮುಜುಗರವೇ ಸರಿ.

ಅಭಿಮಾನಿಗಳು ಎಲ್ಲಕ್ಕಿಂತ ಮೇಲಿಡುವುದು ಟಿಮೊಥಿ ಜಾನ್ ಅವರ ಮೂರು ಪುಸ್ತಕಗಳನ್ನು: 'ಏರ್ ಟು ದ ಎಂಪೈರ್' (1991), 'ಡಾರ್ಕ್ ಫೋರ್ಸ್ ರೈಸಿಂಗ್' (1992), 'ದ ಲಾಸ್ಟ್ ಕಮಾಂಡ್' (1993). ಖಳನಾಯಕ ಥ್ರಾನ್ ಶತ್ರುಗಳ ಕಲಾಕೃತಿಗಳನ್ನು ನೋಡಿ ಅವರ ಯುದ್ಧತಂತ್ರ ಊಹಿಸುವವನು ಎಂದು ಎಲ್ಲರೂ ಹೇಳುತ್ತಾರೆ. ಮೆಚ್ಚಬೇಕಾದದ್ದು ಅದಕ್ಕಿಂತ ಅವನ ಲೆಕ್ಕಾಚಾರವನ್ನು. ಅವನು ಮುನ್ನಡೆಸುವ, ಮೂಲ ಚಿತ್ರಗಳಲ್ಲಿ ಸೋತ ಸಾಮ್ರಾಜ್ಯದ ಹತ್ತಿರ ಹಡಗೂ ಕಡಿಮೆ, ಜನವೂ ಕಡಿಮೆ. ಇನ್ನೂರು ಹಡಗುಗಳ 'ಕಟಾನಾ' ಪಡೆ ಎಲ್ಲೋ ಕಳೆದುಹೋಗಿದೆ. ಒಂದೊಂದು ಹಡಗಿಗೂ 16 ಸಾವಿರ ಸಿಬ್ಬಂದಿ ಬೇಕಿದ್ದ ಕಡೆ ಎರಡು ಸಾವಿರ ಚಿಲ್ಲರೆ ಜನ ಸಾಕಾಗಲಿ ಎಂದು ಎಲ್ಲ ಹಡಗುಗಳ ಕಂಪ್ಯೂಟರುಗಳನ್ನೂ ಒಂದಕ್ಕೊಂದು ಜೋಡಿಸಿದ್ದರು. ವೈರಸ್ ತಗುಲಿ ಸಿಬ್ಬಂದಿಗೆ ಹುಚ್ಚು ಹಿಡಿದಾಗ ಮುಖ್ಯ ಹಡಗು ದಿಕ್ಕುಗೆಟ್ಟು ಜಿಗಿಯಿತು. ಜೋಡಿಸಿದ್ದರಿಂದ ಇನ್ನೂರೂ ಅದರ ಹಿಂದೆಯೇ ಜಿಗಿದವು. ಥ್ರಾನ್ ಅವನ್ನು ಪತ್ತೆ ಮಾಡಿ ಬಹುಪಾಲನ್ನು ವಶಮಾಡಿಕೊಳ್ಳುತ್ತಾನೆ. ಆದರೆ ನಡೆಸುವವರು ಯಾರು? ತದ್ರೂಪಿಗಳನ್ನು ಬೆಳೆಸಬೇಕು. ಒಂದು ವರ್ಷಕ್ಕಿಂತ ಬೇಗ ಬೆಳೆಸಿದರೆ ತದ್ರೂಪಿಗಳ ತಲೆ ಕೆಡುತ್ತದೆ. ಅದಕ್ಕೆ ಕಾರಣ 'ಫೋರ್ಸ್', ಅಂದರೆ ಎಲ್ಲ ಜೀವಿಗಳನ್ನೂ ಬೆಸೆಯುವ ಅಗೋಚರ ಶಕ್ತಿ. ಆಗ ಅವನು ಬಳಸುವುದು ಫೋರ್ಸನ್ನು ದೂರ ತಳ್ಳುವ ಇಸಾಲಮಿರಿ ಎಂಬ ಪ್ರಾಣಿಯನ್ನು. ಅದರಿಂದ ಅವಧಿ ಹದಿನೈದು ಇಪ್ಪತ್ತು ದಿನಕ್ಕೆ ಇಳಿಯುತ್ತದೆ. ಇದೇ ಪ್ರಾಣಿಯನ್ನು ಮೊದಲ ಪುಸ್ತಕದ ಆರಂಭದಲ್ಲೇ, ಹುಚ್ಚು ಜೆಡೈ (ಫೋರ್ಸ್ ಬಳಸಬಲ್ಲ ಯೋಧ) ಒಬ್ಬನಿಂದ ರಕ್ಷಣೆಗೆಂದು, ನಮ್ಮ ಕಣ್ಣ ಮುಂದೆಯೇ ತಂದಿಟ್ಟಿದ್ದಾರೆ. ಒಬ್ಬನೇ ಲೇಖಕ ಮೂರು ಪುಸ್ತಕಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದರೆ ಆಗುವ ಲಾಭ ಇದು. ಅಂದಹಾಗೆ, ಈ ಕಥಾಲೋಕದ ರಾಜಧಾನಿ ಗ್ರಹಕ್ಕೆ ಕೊರಸೆಂಟ್ ಎಂದು ಹೆಸರಿಟ್ಟದ್ದು ಈ ಪುಸ್ತಕಗಳೇ. 1999ರ ಚಿತ್ರ ಅದನ್ನು ಎತ್ತಿಕೊಂಡಿತು.

2002ರ ಚಿತ್ರದಲ್ಲಿ ಮಾತ್ರ ತದ್ರೂಪಿಗಳು ತಯಾರಾಗಲು ಹತ್ತು ವರ್ಷ ಬೇಕಾಯಿತು. ಮುಂದೆ ಬಂದ ಲೇಖಕರು ತೇಪೆ ಹಚ್ಚಿದರು: ಅದು ಒಂದು ವಿಧಾನ, ಇದು ಇನ್ನೊಂದು. ಇಂಥ ತೇಪೆಗಳ ದಾಖಲೆ ಇಡಲೆಂದೇ ಲೂಕಾಸ್‌ಫಿಲ್ಮ್‌ನಲ್ಲಿ 2000ದಿಂದ ಲೇಲ್ಯಾಂಡ್ ಚೀ 'ಹಾಲೊಕ್ರಾನ್' ಎಂಬ ದತ್ತಸಂಚಯ ನೋಡಿಕೊಳ್ಳುತ್ತಿದ್ದರು. ಅದರಲ್ಲಿ ಮೇಲಿನ ಮೆಟ್ಟಿಲು ಲೂಕಾಸರ ಚಿತ್ರಗಳದ್ದು, ಆಮೇಲೆ ಟಿವಿ ಸರಣಿ, ಕಾದಂಬರಿಗಳು ಅದರ ಕೆಳಗೆ. ಅಂದರೆ ಕಾದಂಬರಿಗಳ ಮಾತು ನಡೆಯುತ್ತಿದ್ದುದು ಚಿತ್ರ ಬೇರೆ ಹೇಳುವವರೆಗೆ ಮಾತ್ರ. ಡಿಸ್ನಿ ಬರುವುದಕ್ಕೆ ಮುಂಚಿನಿಂದಲೂ ಪದ್ಧತಿ ಹೀಗೇ ಇತ್ತು. ಕ್ಯಾರನ್ ಟ್ರಾವಿಸ್ ಅವರ 'ರಿಪಬ್ಲಿಕ್ ಕಮಾಂಡೋ' ಸರಣಿ ಕಟ್ಟಿದ ಮ್ಯಾಂಡಲೋರ್ ಎಂಬ ಯೋಧರ ಗ್ರಹದ ಸಂಸ್ಕೃತಿಯನ್ನು 'ಕ್ಲೋನ್ ವಾರ್ಸ್' ಟಿವಿ ಸರಣಿ ತಲೆಕೆಳಗು ಮಾಡಿದಾಗ ಅವರು 2009ರಲ್ಲಿ ಸ್ಟಾರ್ ವಾರ್ಸ್ ಬರವಣಿಗೆಯನ್ನೇ ಬಿಟ್ಟರು. ಆ ಕಥೆ ಇವತ್ತಿಗೂ ನಡುದಾರಿಯಲ್ಲಿ ನಿಂತಿದೆ.

2014ರ ಏಪ್ರಿಲ್ 25ರ ಪ್ರಕಟಣೆ ಹೇಳಿದ್ದು ಇಷ್ಟು: ಮುಂದಿನ ಚಿತ್ರಗಳು ಹಳೆಯ ಕಾದಂಬರಿಗಳಿಗೆ ಬದ್ಧವಲ್ಲ, ಹಳೆಯವು 'ಲೆಜೆಂಡ್ಸ್' ಹೆಸರಿನಲ್ಲಿ ಅಚ್ಚಾಗುತ್ತವೆ. ಪುಸ್ತಕಗಳನ್ನು ಯಾರೂ ಹಿಂತೆಗೆದುಕೊಳ್ಳಲಿಲ್ಲ. ನಿಂತದ್ದು ಆ ಕಥೆಯ ಮುಂದುವರಿಕೆ.

ಹಾಗಾದರೆ ಕೆಟ್ಟದ್ದು ಎಲ್ಲಿ? 1990ರ ದಶಕದಲ್ಲಿ ಬ್ಯಾಂಟಮ್ ಪ್ರಕಾಶನದ ಪುಸ್ತಕಗಳು ಒಂದರ ಹಿಂದೊಂದು ಮಹಾಸ್ತ್ರಗಳನ್ನು ಹೊತ್ತು ತಂದವು. ಕೆವಿನ್ ಜೆ. ಆಂಡರ್ಸನ್ ಅವರ 1994ರ 'ಜೆಡೈ ಅಕಾಡೆಮಿ'ಯಲ್ಲಿ ನಕ್ಷತ್ರವನ್ನೇ ಸ್ಫೋಟಿಸುವ ಪುಟ್ಟ ಹಡಗು ಸನ್ ಕ್ರಷರ್. ಕಿಪ್ ಡುರಾನ್ ಎಂಬ ತರುಣ ಅದರಿಂದ ಜನವಸತಿಯ ಒಂದು ಸೌರಮಂಡಲವನ್ನೇ ಸುಟ್ಟುಬಿಡುತ್ತಾನೆ, ಲೂಕ್ ಕ್ಷಮಿಸಿ ತಾನು ನಡೆಸುವ ಜೆಡೈ ಶಾಲೆಗೆ ಮತ್ತೆ ಸೇರಿಸಿಕೊಳ್ಳುತ್ತಾನೆ! ಓದುಗರಿಗೆ ಇದು ಗಂಟಲಲ್ಲಿ ಇಳಿಯಲಿಲ್ಲ. 1998ರಲ್ಲಿ ಮೈಕೆಲ್ ಸ್ಟ್ಯಾಕ್‌ಪೋಲ್ 'ಐ, ಜೆಡೈ' ಬರೆದು, ಅದೇ ಶಾಲೆಯಲ್ಲಿ ಕೊರ್ರಾನ್ ಹಾರ್ನ್ ಎಂಬ ಇನ್ನೊಬ್ಬ ವಿದ್ಯಾರ್ಥಿಯನ್ನು ಕೂರಿಸಿ, ನಮ್ಮ ಆಕ್ಷೇಪವನ್ನು ಅವನ ಬಾಯಲ್ಲೇ ಆಡಿಸಿದರು. ರಿಪೇರಿ ಕೆಲಸದಲ್ಲಿ ಇದಕ್ಕಿಂತ ಚೆನ್ನಾದದ್ದು ಈ ಸರಣಿಯಲ್ಲಿ ಇನ್ನೊಂದಿಲ್ಲ.

ಡೆಲ್ ರೇ ಪ್ರಕಾಶನ 1999ರಿಂದ 2003ರವರೆಗೆ ತಂದ 'ನ್ಯೂ ಜೆಡೈ ಆರ್ಡರ್' 19 ಕಾದಂಬರಿಗಳ ಒಂದೇ ಕಥೆ. ಮೊದಲ ಪುಸ್ತಕ 'ವೆಕ್ಟರ್ ಪ್ರೈಮ್'ನಲ್ಲೇ ಹಾನ್‌ನ ಒಡನಾಡಿ ಚ್ಯೂಬಾಕನನ್ನು ಕೊಂದದ್ದಕ್ಕೆ ಗದ್ದಲವಾಯಿತು. ಇನ್ನು ಮುಂದೆ ಯಾರೂ ಸುರಕ್ಷಿತರಲ್ಲ ಎಂದು ತೋರಿಸಲು ಅದು ಬೇಕೇ ಇತ್ತು ಎನ್ನುವವರ ಪಕ್ಷ ನಮ್ಮದು. ಪೆಟ್ಟು ಬಿದ್ದದ್ದು ಬೇರೆ ಕಡೆ. ಮೂಲ ಯೋಜನೆಯಲ್ಲಿ ಸಾಯಬೇಕಿದ್ದವನು ಹಾನ್‌ನ ಹಿರಿಮಗ ಜೇಸನ್. ಕಿರಿಯವನಾದ ಅನಾಕಿನ್ ಸೋಲೋ ನಾಯಕನಾಗಬೇಕಿತ್ತು. ಅದೇ ಹೊತ್ತಿಗೆ ಚಿತ್ರಗಳ ನಾಯಕನ ಹೆಸರೂ ಅನಾಕಿನ್. ಗೊಂದಲವಾಗುತ್ತದೆಂದು ಲೂಕಾಸ್ ಕಡೆಯಿಂದ ಬೇಡಿಕೆ ಬಂತು. 2001ರ 'ಸ್ಟಾರ್ ಬೈ ಸ್ಟಾರ್'ನಲ್ಲಿ ಅನಾಕಿನ್ ಸತ್ತ. ಬದುಕುಳಿದ ಜೇಸನ್‌ನಿಂದ ಮ್ಯಾಥ್ಯೂ ಸ್ಟೋವರ್ ಅವರ 'ಟ್ರೇಟರ್' (2002) ಎಂಬ ಅಪರೂಪದ ಕಾದಂಬರಿ ಸಿಕ್ಕಿತು, ನಿಜ. ಆದರೆ ಅಷ್ಟು ಕಷ್ಟಪಟ್ಟು ವಿವೇಕ ಗಳಿಸಿದ ಅದೇ ಜೇಸನ್‌ನನ್ನು ಮುಂದಿನ 'ಲೆಗಸಿ ಆಫ್ ದ ಫೋರ್ಸ್' ಸರಣಿ (2006ರಿಂದ 2008) ಜೆಡೈಗಳ ವೈರಿಯಾದ ದುಷ್ಟ ಸಿಥ್ ಮಾಡಿತು. ಅಲ್ಲಿ ಒಂಬತ್ತು ಪುಸ್ತಕ, ಮೂವರು ಲೇಖಕರು, ಸರದಿಯ ಮೇಲೆ: ಆಲ್‌ಸ್ಟನ್, ಟ್ರಾವಿಸ್, ಡೆನ್ನಿಂಗ್, ಮತ್ತೆ ಆಲ್‌ಸ್ಟನ್. ಟ್ರಾವಿಸ್ ಪುಸ್ತಕ ಬಂದಾಗಲೆಲ್ಲ ಮ್ಯಾಂಡಲೋರಿಯನ್ನರು ಮುಂದೆ, ಜೆಡೈಗಳು ಹಿಂದೆ. ಡೆನ್ನಿಂಗ್ ಸರದಿಗೆ ಅದೆಲ್ಲ ತಿರುಗುಮುರುಗು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಐದನೆಯದರಲ್ಲಿ, ಜಾನ್ ಸೃಷ್ಟಿಸಿದ, ಲೂಕ್‌ನ ಹೆಂಡತಿ ಮಾರಾ ಜೇಡ್ ಕೊಲೆಯಾಗುವ ಹೊತ್ತಿಗೆ ಹಳಬರಲ್ಲಿ ಹಲವರು ಪುಸ್ತಕ ಮುಚ್ಚಿದ್ದರು. ಡಿಸ್ನಿ ಬರಲು ಆಗ ಇನ್ನೂ ಐದು ವರ್ಷವಿತ್ತು.

2014ರ ನಂತರದ ಹೊಸ ಸಾಲಿನ ಪುಸ್ತಕಗಳಿಗೆ ನ್ಯಾಯ ಸಿಗಬೇಕಾದರೆ ಮೊದಲು ಕೋಪಗಳನ್ನು ಬೇರೆ ಬೇರೆ ಮಾಡಬೇಕು. ಚಕ್ ವೆಂಡಿಗ್ ಅವರ 'ಆಫ್ಟರ್‌ಮ್ಯಾತ್' (2015) ಮೇಲೆ ಬಿದ್ದ ಒಂದೇ ನಕ್ಷತ್ರದ ವಿಮರ್ಶೆಗಳಲ್ಲಿ ಹಳೆಯ ಕಥೆ ಹೋಯಿತೆಂಬ ಸಿಟ್ಟು ಇತ್ತು, ಸಲಿಂಗಿ ಪಾತ್ರಗಳ ಮೇಲಿನ ಅಸಹನೆಯೂ ಇತ್ತು. ಅವೆರಡನ್ನೂ ಬದಿಗಿಟ್ಟರೆ ಉಳಿಯುವ ದೂರು ಶೈಲಿಯದ್ದು: ವರ್ತಮಾನಕಾಲದ ನಿರೂಪಣೆ, ಉಸಿರುಗಟ್ಟುವ ತುಂಡು ವಾಕ್ಯಗಳು, ಕಥೆ ಕಾವೇರುವಾಗಲೇ ಬೇರೆ ಗ್ರಹಕ್ಕೆ ಹಾರುವ ಮಧ್ಯಂತರಗಳು. ಇದು ವಾದಿಸಬಹುದಾದ ದೂರು. ಅದೇ ವರ್ಷದ ಕ್ಲಾಡಿಯಾ ಗ್ರೇ ಅವರ 'ಲಾಸ್ಟ್ ಸ್ಟಾರ್ಸ್' ಅನ್ನು ಹಳಬರೂ ಹೊಸಬರೂ ಒಪ್ಪಿದ್ದಾರೆ. ಥ್ರಾನ್ ಕೂಡ 2016ರಲ್ಲಿ 'ರೆಬೆಲ್ಸ್' ಟಿವಿ ಸರಣಿಯ ಮೂಲಕ ಮರಳಿದ. 2017ರಿಂದ 2021ರೊಳಗೆ ಜಾನ್ ಅವರೇ ಅವನ ಮೇಲೆ ಆರು ಹೊಸ ಕಾದಂಬರಿ ಬರೆದರು.

ಕಂಪನಿಯ ಮೇಲೆ ಸಿಟ್ಟಾಗಲೇಬೇಕೆಂದರೆ ಇನ್ನೂ ಗಟ್ಟಿ ಕಾರಣವಿದೆ. ಡಿಸ್ನಿ ಲೂಕಾಸ್‌ಫಿಲ್ಮ್ ಕೊಂಡ ಮೇಲೆ ತಮ್ಮ ಹಳೆಯ ಪುಸ್ತಕಗಳ ಗೌರವಧನ ಬರುತ್ತಿಲ್ಲವೆಂದು ಫಾಸ್ಟರ್ 2020ರ ನವೆಂಬರ್‌ನಲ್ಲಿ ಬಹಿರಂಗವಾಗಿ ದೂರಿದರು. ಹಕ್ಕು ಕೊಂಡಿದ್ದೇವೆ, ಬಾಕಿಯ ಹೊಣೆ ನಮ್ಮದಲ್ಲ ಎಂಬುದು ಕಂಪನಿಯ ವಾದ ಎಂದು ಅವರ ಪರ ನಿಂತ ಅಮೆರಿಕದ ವೈಜ್ಞಾನಿಕ ಕಥಾಲೇಖಕರ ಸಂಘ ತಿಳಿಸಿತು. ಪುರವಣಿಯ ಬರಹದಲ್ಲಿ ಇದರ ಸುದ್ದಿಯೇ ಇರಲಿಲ್ಲ.

ಹೊಸದಾಗಿ ಓದುವವರು ಜಾನ್ ಅವರ ಮೂರರಿಂದ ಶುರುಮಾಡಲಿ. ಮೂರೂ ಕೈಯಲ್ಲಿದ್ದರೆ ಮಾತ್ರ, ಏಕೆಂದರೆ ಒಂದೊಂದೇ ನಿಲ್ಲುವ ಪುಸ್ತಕಗಳಲ್ಲ. ಆಮೇಲೆ ಸ್ಟ್ಯಾಕ್‌ಪೋಲ್ ಅವರ 'ಎಕ್ಸ್-ವಿಂಗ್'. ಜೆಡೈಗಳ ಗೊಡವೆ ಹೆಚ್ಚಿಲ್ಲದೆ ಯುದ್ಧವಿಮಾನ ಚಾಲಕರ ಕಥೆ ಬೇಕೆನ್ನುವವರಿಗೆ ಅದು ಹೇಳಿಮಾಡಿಸಿದ್ದು. 'ನ್ಯೂ ಜೆಡೈ ಆರ್ಡರ್'ನ 19ನ್ನೂ ಓದುವ ತಾಳ್ಮೆ ಇಲ್ಲದವರು 'ವೆಕ್ಟರ್ ಪ್ರೈಮ್', 'ಸ್ಟಾರ್ ಬೈ ಸ್ಟಾರ್', 'ಟ್ರೇಟರ್', 'ದ ಯೂನಿಫೈಯಿಂಗ್ ಫೋರ್ಸ್' ಇಷ್ಟನ್ನು ಓದಿದರೆ ಬೆನ್ನೆಲುಬು ಸಿಗುತ್ತದೆ. 'ಲೆಗಸಿ'ಯನ್ನು ಬಿಟ್ಟರೆ ನಷ್ಟವಿಲ್ಲ. ಹಳೆ ಪುಸ್ತಕದಂಗಡಿಯಲ್ಲಿ ಸಿಕ್ಕ ಬ್ಯಾಂಟಮ್ ಪ್ರತಿಯ ಮೇಲೆ 'ಲೆಜೆಂಡ್ಸ್' ಪಟ್ಟಿ ಇಲ್ಲವೆಂದು ಯಾರೂ ವಾಪಸ್ ಇಡಬೇಕಿಲ್ಲ: 2014ರ ನಂತರದ ಮುದ್ರಣದಲ್ಲಿ ಬದಲಾದದ್ದು ಹೊದಿಕೆ ಮಾತ್ರ, ಕಥೆ ಅದೇ.

ಇಂತಿ,
ತಮ್ಮ ಪತ್ರಿಕೆಯ ಓದುಗರು, ಬೆಂಗಳೂರು